ತೊಟ್ಟು ಬಿಡಿಸುವ ಕೈಗಳಿಗೂ ಒಂದು ಚಿತ್ರ ಬೇಕು

1982ರಲ್ಲಿ ದೀಪಾ ಧನರಾಜ್ ಮತ್ತು ಸಂಗಾತಿಗಳ 'ಯುಗಾಂತರ' ತಂಡ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳ ಜೊತೆ ಕೂಡಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರ ಮಾಡಿತು. ಆ ದುಡಿಮೆ, ಸಂಘ ಕಟ್ಟಿದ್ದು, ಮುಷ್ಕರ, ಎಲ್ಲ ಅದರಲ್ಲಿ ಉಳಿದಿದೆ.

ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆಗೂ ಅಂಥ ಕ್ಯಾಮೆರಾ ಬರಬೇಕು. ಬೇಸಿಗೆ ಬಂತೆಂದರೆ ಇಲ್ಲಿನ ಶೆಡ್ಡುಗಳ ತುಂಬ ಒಣದ್ರಾಕ್ಷಿ. ಗೊನೆ ಕೊಯ್ಯುವುದು, ತೊಟ್ಟು ಬಿಡಿಸುವುದು, ಬಣ್ಣ ನೋಡಿ ಆರಿಸುವುದು, ಇದರಲ್ಲಿ ಬಹುಪಾಲು ಹೆಣ್ಣುಮಕ್ಕಳದ್ದೇ ಕೈ. ಈ ಕೆಲಸಕ್ಕೆ ಕೂಲಿಯಾದರೂ ಇದೆ. ನಸುಕಿನಲ್ಲೆದ್ದು ಬಡಿದ ರೊಟ್ಟಿ, ಹೊತ್ತ ನೀರು, ಕಟ್ಟಿದ ಬುತ್ತಿಗೆ ಯಾವ ಲೆಕ್ಕವೂ ಇಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88. ಕೂಲಿಗೆ ಹೋದವಳಿಗೂ ಈ ಎರಡನೇ ಪಾಳಿ ತಪ್ಪುವುದಿಲ್ಲ.

ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿ ಓದುವ ಹುಡುಗಿಯರೇ, ನಿಮ್ಮ ಅವ್ವ, ಆಯಿ ದುಡಿದ ಕತೆಯನ್ನು ಅವರ ಮಾತಿನಲ್ಲೇ ಚಿತ್ರೀಕರಿಸಿ. ಮೊಬೈಲು ಸಾಕು. ನಮ್ಮ ಜಿಲ್ಲೆಯ ಇತಿಹಾಸ ಗೋಳಗುಮ್ಮಟಕ್ಕೇ ಮುಗಿಯುವುದಿಲ್ಲ, ಇವರ ದುಡಿಮೆಯೂ ಅದರೊಳಗೆ ಸೇರಬೇಕು.