ಸುವರ್ಣ ರಥಕ್ಕೊಂದು ನಿಲುಗಡೆ

ಹುಬ್ಬಳ್ಳಿ-ಧಾರವಾಡದ ಮದುವೆಮನೆಯಲ್ಲಿ ಪಂಕ್ತಿಗೆ ಕೂತವರ ಮಾತಿಗೆ ಕಿವಿಗೊಟ್ಟರೆ ಊರಿನ ಆರ್ಥಿಕ ಸ್ಥಿತಿ ತಾನೇ ತಿಳಿಯುತ್ತದೆ. ಮೊದಲೆಲ್ಲ ಮಳೆ, ಹತ್ತಿಯ ಧಾರಣಿ, ಯಾರ ಮಗನಿಗೆ ಎಲ್ಲಿ ನೌಕರಿ ಆಯಿತು ಎಂಬಲ್ಲಿಗೆ ಊಟ ಮುಗಿಯುತ್ತಿತ್ತು. ಈಗ ಹೋಳಿಗೆ ಬಡಿಸುವಷ್ಟರಲ್ಲಿ ಮಾತು ವಿಯೆಟ್ನಾಮ್ ಮುಟ್ಟಿರುತ್ತದೆ. "ಈ ಸಲ ಬಾಕೂಗೆ ಹೋಗಿ ಬಂದ್ವಿ ನೋಡ್ರಿ, ಬರೋ ವರ್ಷ ಸ್ವಿಟ್ಜರ್‌ಲ್ಯಾಂಡ್ ಅಂತ ಮಾಡೇವಿ" ಎನ್ನುವವರು ಕೇಶ್ವಾಪುರದ ವ್ಯಾಪಾರಿಗಳಷ್ಟೇ ಅಲ್ಲ, ಮಾಳಮಡ್ಡಿಯ ನಿವೃತ್ತ ಮಾಸ್ತರರೂ ಇದ್ದಾರೆ. ಮಗಳು ಟಿಕೆಟ್ ತೆಗೆದಿರುತ್ತಾಳೆ, ಅಳಿಯ ಹೋಟೆಲ್ ಬುಕ್ ಮಾಡಿರುತ್ತಾನೆ, ಇವರು ಚಟ್ನಿಪುಡಿ ಕಟ್ಟಿಕೊಂಡು ಹೊರಡುತ್ತಾರೆ.

ಈ ಬದಲಾವಣೆ ದಿಲ್ಲಿಯ ಲೆಕ್ಕಪತ್ರಕ್ಕೂ ಇಳಿದಿದೆ. ವಿದೇಶ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗಲೇ ಮೂಲದಲ್ಲಿ ತೆರಿಗೆ ಹಿಡಿಯುವ ಪದ್ಧತಿ 2020ರ ಅಕ್ಟೋಬರಿನಲ್ಲಿ ಶೇ 5ರಿಂದ ಶುರುವಾಯಿತು. 2023ರ ಅಕ್ಟೋಬರಿನಲ್ಲಿ, ವರ್ಷಕ್ಕೆ ಏಳು ಲಕ್ಷ ರೂಪಾಯಿ ದಾಟಿದ ಖರ್ಚಿಗೆ ಅದನ್ನು ಶೇ 20ಕ್ಕೆ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಆ ಮಿತಿ ಹತ್ತು ಲಕ್ಷವಾಯಿತು. ಇಂಥದೊಂದು ಗೆರೆ ಎಳೆಯುವ ಅಗತ್ಯ ಬಿತ್ತೆಂದರೆ, ಅದನ್ನು ದಾಟುವವರು ದೇಶದಲ್ಲಿ ಸಾಕಷ್ಟು ಮಂದಿ ಇದ್ದಾರೆಂದೇ ಅರ್ಥ. ಅವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ನನಗೆ ಇದು ಸಂತೋಷದ ಸಂಗತಿ. ಜೀವಮಾನವಿಡೀ ದುಡಿದವರು ಒಂದು ವಾರ ಒಳ್ಳೆಯ ಹಾಸಿಗೆಯ ಮೇಲೆ ಮಲಗಿ, ಕಿಟಕಿಯಿಂದ ಹಿಮ ನೋಡಿದರೆ ಯಾರ ಗಂಟೇನು ಹೋಯಿತು?

ಸುಖದ ಪ್ರಯಾಣ ಎಂಬುದು ನಮಗೆ ಮೊದಲು ಒದಗಿದ್ದು ರಸ್ತೆಯ ಮೇಲೆ. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರು ಆಮೇಲೆ ಹುಬ್ಬಳ್ಳಿಯಲ್ಲಿ ನೆಲೆಯೂರಿ 1996ರಲ್ಲಿ ಬಸ್ಸಿಗೂ ಕೈಹಾಕಿದರು. ಅಲ್ಲಿಂದೀಚೆಗೆ ಬೆಂಗಳೂರಿನ ರಾತ್ರಿ ಪ್ರಯಾಣದ ರೂಪವೇ ಬದಲಾಯಿತು. ಸರಕಾರಿ ಬಸ್ಸುಗಳೂ ರಾಜಹಂಸ, ಐರಾವತ, ಅಂಬಾರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದವು. 2023ರ ಜೂನ್‌ನಲ್ಲಿ ಬೆಂಗಳೂರು-ಧಾರವಾಡ ವಂದೇ ಭಾರತ್ ಬಂತು. ವಿಮಾನ ನಿಲ್ದಾಣವೂ ದೊಡ್ಡದಾಗಿದೆ. ಹೊರಗೆ ಹೋಗುವುದಕ್ಕೆ ನಮಗೀಗ ಯಾವ ತೊಡಕೂ ಇಲ್ಲ.

ಹೊರಗಿನಿಂದ ಬರುವವರು ಮಾತ್ರ ನಮ್ಮಲ್ಲಿ ಇಳಿಯುವುದಿಲ್ಲ. ದೊಡ್ಡ ಖರ್ಚಿನ ಪ್ರವಾಸಿಗೆ ಹುಬ್ಬಳ್ಳಿ ಎಂದರೆ ಹಂಪಿಗೋ ದಾಂಡೇಲಿಗೋ ಗೋವೆಗೋ ಹೋಗುವ ದಾರಿ, ಅಷ್ಟೇ. ವಿಮಾನ ಇಳಿದು ಕಾರು ಹತ್ತಿದರೆ ಊರಿನ ಮುಖವನ್ನೂ ನೋಡದೆ ಹೋಗಿಬಿಡುತ್ತಾನೆ. ಇದಕ್ಕೆ ಸುವರ್ಣ ರಥಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಂಪಿಯ ಕಲ್ಲಿನ ತೇರಿನ ಹೆಸರು ಹೊತ್ತ ಈ ಐಷಾರಾಮಿ ರೈಲು 2008ರಲ್ಲಿ ಹೊರಟಿತು. ನೇರಳೆ ಮತ್ತು ಬಂಗಾರದ ಬಣ್ಣ. ಬೋಗಿಗಳಿಗೆ ಕದಂಬ, ರಾಷ್ಟ್ರಕೂಟ, ಚಾಲುಕ್ಯ, ಹೊಯ್ಸಳ ಎಂದು ನಮ್ಮ ಅರಸುಮನೆತನಗಳ ಹೆಸರು. ಊಟದ ಬೋಗಿಗಳು 'ನಳ' ಮತ್ತು 'ರುಚಿ'. ಮಧ್ಯೆ ಕೆಲವು ವರ್ಷ ನಿಂತುಹೋಗಿ, ಐಆರ್‌ಸಿಟಿಸಿಯ ಕೈಗೆ ಬಂದು, 2024ರ ಡಿಸೆಂಬರಿನಲ್ಲಿ ಮತ್ತೆ ಹಳಿಗೆ ಇಳಿಯಿತು. ನಲವತ್ತು ಕೋಣೆ, ಎಂಬತ್ತು ಅತಿಥಿಗಳು. ಐದು ರಾತ್ರಿಯ ಕರ್ನಾಟಕ ದರ್ಶನಕ್ಕೆ ಹತ್ತಿರ ಹತ್ತಿರ ನಾಲ್ಕು ಲಕ್ಷ ರೂಪಾಯಿ. ನೋಡುವ ಪಟ್ಟಿಯಲ್ಲಿ ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪಿ, ಗೋವೆ. ಹೊಸಪೇಟೆಯಿಂದ ಗೋವೆಗೆ ರೈಲು ಹೋಗಬೇಕೆಂದರೆ ಗದಗ, ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ದಾಟಬೇಕು. ಅಂದರೆ ರಥ ನಮ್ಮ ಬಾಗಿಲ ಮುಂದೆಯೇ ಹಾಯುತ್ತದೆ, ಪಟ್ಟಿಯಲ್ಲಿ ನಾವಿಲ್ಲ. 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆಂದು ಗಿನ್ನೆಸ್ ದಾಖಲೆ ಸೇರಿದ ಪ್ಲಾಟ್‌ಫಾರ್ಮ್ ನಮ್ಮದು. ನೈಋತ್ಯ ರೈಲ್ವೆಯ ಮುಖ್ಯ ಕಚೇರಿಯೂ ಇದೇ ಊರಿನಲ್ಲಿದೆ.

ಹುಬ್ಬಳ್ಳಿಯಲ್ಲಿ ನಿಂತು ಮಂದಿಯನ್ನು ಹತ್ತಿಸಿಕೊಂಡ ಪ್ರವಾಸಿ ರೈಲು ಬೇರೆಯೇ ಇದೆ. 2022ರ ನವೆಂಬರಿನಲ್ಲಿ ಶುರುವಾದ ಕಾಶಿ ದರ್ಶನದ ಭಾರತ್ ಗೌರವ್ ರೈಲು. ಇಪ್ಪತ್ತು ಸಾವಿರದಲ್ಲಿ ಐದು ಸಾವಿರ ರಾಜ್ಯ ಸರಕಾರ ಕೊಟ್ಟಿತು, ಉಳಿದ ಹದಿನೈದು ಸಾವಿರಕ್ಕೆ ನಮ್ಮ ಹಿರಿಯರು ಕಾಶಿ, ಅಯೋಧ್ಯೆ, ಪ್ರಯಾಗ ನೋಡಿ ಬಂದರು. ಆ ರೈಲು ತುಂಬಿದ್ದು ಸಹಜ. ಅದು ಬೇಕು, ಇನ್ನೂ ಹೆಚ್ಚು ಬೇಕು. ಆದರೆ ನಮ್ಮವರನ್ನು ಕರೆದೊಯ್ಯುವ ರೈಲಿನ ಜೊತೆಗೆ, ಪರಸ್ಥಳದವರನ್ನು ನಮ್ಮಲ್ಲಿಗೆ ಕರೆತರುವ ರೈಲೂ ಇಲ್ಲಿ ನಿಲ್ಲಲಿ ಎಂಬುದು ನನ್ನ ಹಂಬಲ.

ಯಾಕೆಂದರೆ ಈ ಊರನ್ನು ಊರಾಗಿಸಿದ್ದೇ ಒಂದು ನಿಲುಗಡೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮುಂಬಯಿ, ಪುಣೆ, ಮಿರಜದ ಕಡೆಯ ಉಸ್ತಾದರು ಮೈಸೂರು ದರಬಾರಿಗೆ ಹಾಡಲು ಹೋಗುವಾಗ ಧಾರವಾಡ-ಹುಬ್ಬಳ್ಳಿಯಲ್ಲಿ ತಂಗುತ್ತಿದ್ದರು. ಅರಮನೆಯ ಅತಿಥಿಗಳೆಂದರೆ ಆ ಕಾಲದ ಐಷಾರಾಮಿ ಪ್ರವಾಸಿಗಳೇ. ಅವರು ತಂಗಿದ ಮನೆಗಳಲ್ಲಿ ರಾತ್ರಿಯಿಡೀ ಬೈಠಕ್ ನಡೆಯುತ್ತಿತ್ತು. ಅಬ್ದುಲ್ ಕರೀಂ ಖಾನರು ಹೀಗೆ ಬಂದುಹೋಗುತ್ತಲೇ ಕುಂದಗೋಳದ ರಾಮಭಾವುಗೆ ಪಾಠ ಹೇಳಿದರು, ರಾಮಭಾವು ಸವಾಯಿ ಗಂಧರ್ವರಾದರು. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲೇ ಓಡಾಡಿದರು. ಇತ್ತ ಗದಗಿನ ಹುಡುಗ ಭೀಮಸೇನ 1933ರಲ್ಲಿ ಗುರುವನ್ನು ಹುಡುಕುತ್ತ ಟಿಕೆಟ್ಟಿಲ್ಲದೆ ರೈಲು ಹತ್ತಿ ಮನೆ ಬಿಟ್ಟ. ಊರೂರು ಅಲೆದು ಕೊನೆಗೆ ಅವನಿಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಅದೇ ಕುಂದಗೋಳದಲ್ಲಿ. ಈಗ ಸುವರ್ಣ ರಥದವರು ಮಲಗಿಕೊಂಡು ದಾಟುವುದು ಆ ಹುಡುಗನ ಗದಗನ್ನೇ. ಕಿಟಕಿಯಾಚೆ ಇಂಥ ಕಥೆ ಇದೆಯೆಂದು ಅವರಿಗೆ ಹೇಳುವವರು ಯಾರು?

"ನಮ್ಮಲ್ಲಿ ಏನೈತ್ರಿ ತೋರ್ಸೂದಕ್ಕ?" ಎಂದು ನಮ್ಮವರೇ ಕೇಳುತ್ತಾರೆ. ಈ ಮಾತು ಕೇಳಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ನೋಡಿ. 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಕೆಲಸ ಮಾಡುವವರು ಬಹುಪಾಲು ಹೆಣ್ಣುಮಕ್ಕಳು. ಬಟ್ಟೆಯ ಎಳೆ ಎಣಿಸಿ, ಬಣ್ಣ ತಾಳೆ ನೋಡಿ, ಬಿಳಿಯ ಪಟ್ಟಿಯ ಎರಡೂ ಮೈಗೆ ಅಶೋಕ ಚಕ್ರ ಒತ್ತುತ್ತಾರೆ. ಬೆಳಕಿಗೆ ಹಿಡಿದರೆ ಈಚೆಯ ಕಡ್ಡಿಯ ಮೇಲೆ ಆಚೆಯ ಕಡ್ಡಿ ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕು, ತಪ್ಪಿದರೆ ಅದು ಧ್ವಜವಲ್ಲ. ಆರು ಇಂಚು ಉದ್ದದ ಮೇಜಿನ ಬಾವುಟದಿಂದ ಇಪ್ಪತ್ತೊಂದು ಅಡಿಯ ಬಾವುಟದವರೆಗೆ ಒಂಬತ್ತು ಅಳತೆ. 2021ರ ಕೊನೆಗೆ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕ ಮೇಲೆ ಈ ಕೈಗಳಿಗೆ ಕೆಲಸ ಕಡಿಮೆಯಾಗಿದೆ. ಆ ಮೇಜಿನ ಪಕ್ಕ ಅರ್ಧ ತಾಸು ನಿಂತ ಪ್ರವಾಸಿ ಅದನ್ನು ಮರೆಯಲಾರ.

ಇನ್ನು ಕಸೂತಿ. ಇಳಕಲ್ಲ ಸೀರೆಯ ಎಳೆಗಳನ್ನು ಕಣ್ಣಲ್ಲೇ ಎಣಿಸಿ ಗೋಪುರ, ತೇರು, ನವಿಲು ತೆಗೆಯುವ ಕೈಗಳು ಧಾರವಾಡದಲ್ಲಿ ಇನ್ನೂ ಇವೆ. ಗವಂತಿ ಹೊಲಿಗೆಯಲ್ಲಿ ಗಂಟೇ ಇರುವುದಿಲ್ಲ, ಸೀರೆಯ ಒಳಮೈ ಹೊರಮೈ ಒಂದೇ. ನವಲಗುಂದದ ಜಮಖಾನವಿದೆ, ಲೈನ್ ಬಜಾರಿನ ಫೇಡೆಯಿದೆ. ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ' ಸ್ಮಾರಕವಾಗಿ ನಿಂತಿದೆ. ಕುಂದಗೋಳದ ನಾಡಗೇರ ವಾಡೆಯಿದೆ, ಅಲ್ಲಿ ವರ್ಷಕ್ಕೊಮ್ಮೆ ಇಂದಿಗೂ ಅಹೋರಾತ್ರಿ ಸಂಗೀತ ನಡೆಯುತ್ತದೆ. ಜಗತ್ತಿನ ದೊಡ್ಡ ಪ್ರವಾಸಿಗಳಿಗೆ ಬಂಗಾರದ ನಲ್ಲಿ ನೋಡಿ ನೋಡಿ ಸಾಕಾಗಿದೆ. ಅವರು ಈಗ ಕೇಳುವುದು ನೇಕಾರನ ಮಗ್ಗದ ಪಕ್ಕ ಒಂದು ತಾಸು, ಗಾಯಕರ ಮನೆಯಲ್ಲಿ ಒಂದು ಸಂಜೆ. ಅಂಥ ಸಂಜೆ ಈ ಊರಿನಷ್ಟು ಸುಲಭವಾಗಿ ಎಲ್ಲಿ ಒದಗೀತು?

ಅಷ್ಟು ದೊಡ್ಡ ಅತಿಥಿಗಳಿಗೆ ತಕ್ಕ ಹೋಟೆಲ್ ಇಲ್ಲವೆಂಬ ಆಕ್ಷೇಪಣೆಯೂ ಉಂಟು. ಸುವರ್ಣ ರಥದ ಮಟ್ಟಿಗೆ ಅದು ನಿಲ್ಲುವುದಿಲ್ಲ, ಆ ರೈಲೇ ಹೋಟೆಲು. ಹಾಸಿಗೆ, ಊಟ, ಸ್ನಾನ ಎಲ್ಲ ಅದರಲ್ಲೇ ಇದೆ. ನಾವು ಕೊಡಬೇಕಾದ್ದು ಒಂದು ಮಧ್ಯಾಹ್ನ ಮತ್ತು ಒಂದು ಸಂಜೆ.

ಅದಕ್ಕೆ ನಮ್ಮ ಸಿದ್ಧತೆಯೂ ಬೇಕು. ಕಸೂತಿ ಹಾಕುವ ಹೆಣ್ಣುಮಗಳಿಗೆ ಅವಳ ತಾಸಿಗೆ ತಕ್ಕ ದುಡ್ಡು ನೇರ ಸಿಗಬೇಕು. ಮನಸೂರರ ಮನೆಯಲ್ಲಿ ನಿಂತು ಅವರ ಗಾಯನದ ಬಗ್ಗೆ ಹತ್ತು ನಿಮಿಷ ಮನದಟ್ಟಾಗುವಂತೆ ಹೇಳಬಲ್ಲ ಹುಡುಗ ಹುಡುಗಿಯರನ್ನು ನಮ್ಮ ಕಾಲೇಜುಗಳು ತಯಾರು ಮಾಡಬೇಕು. ಐಆರ್‌ಸಿಟಿಸಿಯವರಲ್ಲಿ, ಪ್ರವಾಸೋದ್ಯಮ ಇಲಾಖೆಯವರಲ್ಲಿ, ಇಲ್ಲೇ ಇರುವ ನೈಋತ್ಯ ರೈಲ್ವೆಯವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಋತುವಿನ ವೇಳಾಪಟ್ಟಿ ಹಾಕುವಾಗ ಹಂಪಿ ಮತ್ತು ಗೋವೆಯ ನಡುವೆ ಆರು ತಾಸು ಹುಬ್ಬಳ್ಳಿಯ ಹೆಸರಿಗೆ ಬರೆಯಿರಿ. ಅತಿಥಿಗಳನ್ನು ನೋಡಿಕೊಳ್ಳುವ ಜವಾಬ್ದಾರಿ ನಮ್ಮದು.