ಉಲ್ಲೇಖದ ಜಾಡು

ಸಂಶೋಧನಾ ಲೇಖನ ಕೈಗೆ ಬಂದರೆ ನಾನು ಮೊದಲು ತಿರುವಿ ನೋಡುವುದು ಅದರ ಕೊನೆಯ ಪುಟಗಳನ್ನು, ಅಲ್ಲಿನ ಆಕರಸೂಚಿಯನ್ನು. ಹಳ್ಳಿಯಲ್ಲಿ ಹೊಸಬರು ಕಂಡರೆ ಹಿರಿಯರು ‘ನೀವು ಯಾರ ಪೈಕಿ?’ ಎಂದು ಕೇಳುತ್ತಾರಲ್ಲ, ಲೇಖನವನ್ನೂ ಹಾಗೆಯೇ ಕೇಳಬೇಕು. ಅದರ ಬಂಧುಬಳಗವೆಲ್ಲ ಬಿಚ್ಚಿಕೊಳ್ಳುತ್ತದೆ.

ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರಿಗೆ ಈ ಬಂಧುಬಳಗ ಬೇಕೇ ಬೇಕು. ಒಂದು ಪ್ರಶ್ನೆಯ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಹುಡುಕಿ, ತೂಗಿ, ಉತ್ತರ ಹೇಳುವ ಕೆಲಸ ಅದು. ಡೇಟಾಬೇಸಿಗೆ ಪದ ಕೊಟ್ಟರೆ ಆ ಪದ ಬಳಸಿದವರು ಸಿಗುತ್ತಾರೆ. ಅದೇ ಸಂಗತಿಯನ್ನು ಬೇರೆ ಹೆಸರಿನಿಂದ ಕರೆದವರು ಹೊರಗೇ ಉಳಿಯುತ್ತಾರೆ.

ಅವರನ್ನು ತಲುಪಲು ಎರಡು ದಾರಿ. ಹಿಂದಕ್ಕೆ ನಡೆದರೆ, ಲೇಖಕರು ಯಾರನ್ನು ಓದಿದ್ದರು ಎಂಬುದು. ಮುಂದಕ್ಕೆ ನಡೆದರೆ, ಅವರನ್ನು ಆಮೇಲೆ ಯಾರು ಓದಿದರು ಎಂಬುದು. ಈ ಮುಂದಿನ ದಾರಿ ನನಗೆ ಹೆಚ್ಚು ಪ್ರಿಯ. ಲೇಖನದಲ್ಲಿ ಅಚ್ಚಾಗಿರಲು ಸಾಧ್ಯವೇ ಇಲ್ಲದ ಸುದ್ದಿ ಅಲ್ಲಿರುತ್ತದೆ. ಈ ದಾರಿಯ ಕಲ್ಪನೆ ಬಂದದ್ದು ಕಾನೂನಿನ ಲೋಕದಿಂದ: ಹಳೆಯ ತೀರ್ಪು ಇನ್ನೂ ಊರ್ಜಿತದಲ್ಲಿದೆಯೇ ಎಂದು ನೋಡಲು ಅಮೆರಿಕದ ವಕೀಲರು ‘ಶೆಪರ್ಡ್ಸ್ ಸೈಟೇಷನ್ಸ್’ ಎಂಬ ಸೂಚಿ ಬಳಸುತ್ತಿದ್ದರು. ಅದನ್ನು ಕಂಡ ಯುಜೀನ್ ಗಾರ್ಫೀಲ್ಡ್, ವಿಜ್ಞಾನಕ್ಕೂ ಅಂಥದ್ದು ಬೇಕೆಂದು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅಂಥ ಸೂಚಿ ಬಂದ ಮೊದಮೊದಲು ದಪ್ಪ ಸಂಪುಟಗಳಲ್ಲಿ ಬೆರಳಿಟ್ಟು ಹುಡುಕಬೇಕಿದ್ದದ್ದು ಈಗ ವೆಬ್ ಆಫ್ ಸೈನ್ಸ್, ಸ್ಕೋಪಸ್, ಗೂಗಲ್ ಸ್ಕಾಲರ್‌ಗಳಲ್ಲಿ ಒಂದು ಕ್ಲಿಕ್ಕಿನ ಕೆಲಸ.

ಆರೋಗ್ಯ ಸೇವೆಯಲ್ಲಿ ಹೊಸ ಪದ್ಧತಿಗಳು ಹೇಗೆ ಹಬ್ಬುತ್ತವೆ ಎಂದು ಟ್ರಿಷ್ ಗ್ರೀನ್‌ಹಾಲ್ ತಂಡ ಒಂದು ರಿವ್ಯೂ ಮಾಡಿತು. ಅದರ 495 ಆಕರಗಳು ಎಲ್ಲಿಂದ ಬಂದವೆಂದು 2005ರಲ್ಲಿ ಲೆಕ್ಕ ಹಾಕಿದಾಗ, ಮೊದಲೇ ಗೊತ್ತುಮಾಡಿಕೊಂಡ ಹುಡುಕಾಟ ಕೊಟ್ಟದ್ದು ಶೇ. 30, ಉಲ್ಲೇಖದ ಜಾಡು ಕೊಟ್ಟದ್ದು ಶೇ. 51. ಸೋಜಿಗವಿಲ್ಲ. ಆ ವಿಷಯದ ಬೇರುಗಳಲ್ಲೊಂದು ಅಯೋವಾದ ಹೊಲಗಳಲ್ಲಿದೆ: ಹೈಬ್ರಿಡ್ ಮೆಕ್ಕೆಜೋಳದ ಬೀಜ ರೈತರಲ್ಲಿ ಹೇಗೆ ಹರಡಿತೆಂದು ರಯಾನ್ ಮತ್ತು ಗ್ರಾಸ್ 1943ರಲ್ಲಿ ಬರೆದ ಅಧ್ಯಯನ. ಆಸ್ಪತ್ರೆ ಎಂಬ ಪದ ಕೊಟ್ಟು ಹುಡುಕಿದವರು ಆ ಹೊಲಕ್ಕೆ ಕಾಲಿಡುವುದುಂಟೇ? ವೈದ್ಯರ ಪ್ರಶ್ನೆಗೆ ರೈತರ ಅನುಭವ ಒದಗಿಬರುವ ಇಂಥ ಗಳಿಗೆಗಾಗಿಯೇ ನಾನು ಈ ಕೆಲಸವನ್ನು ಇಷ್ಟೊಂದು ಹಚ್ಚಿಕೊಂಡಿರುವುದು.

ಆದರೆ ಈ ಜಾಡೊಂದನ್ನೇ ನಂಬಬಾರದು. ಅನುಕೂಲಕರ ಫಲಿತಾಂಶಗಳನ್ನೇ ಹೆಚ್ಚು ಉಲ್ಲೇಖಿಸುವ ಚಾಳಿ ಸಂಶೋಧಕರಲ್ಲಿದೆ. ಯಾರೂ ಉಲ್ಲೇಖಿಸದ ಒಳ್ಳೆಯ ಅಧ್ಯಯನವನ್ನು ಪದಗಳೇ ಹುಡುಕಿ ಕೊಡಬೇಕು. ಎರಡೂ ಜೊತೆಗಿರಲಿ.

ರಿವ್ಯೂ ಬರೆಯುತ್ತಿರುವ ಗೆಳೆಯರೇ, ಪಟ್ಟಿ ಮುಗಿಯಿತೆಂದು ಗೆರೆ ಎಳೆಯುವ ಮುನ್ನ, ಆಯ್ದ ಪ್ರತಿಯೊಂದು ಲೇಖನವನ್ನೂ ಹಿಡಿದು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಹೋಗಿ ಬನ್ನಿ. ಹೊಸದು ಸಿಕ್ಕರೆ ಅಲ್ಲಿಂದ ಮತ್ತೆ ಹೊರಡಿ. ಹೊಸದೇನೂ ಸಿಗದಾದಾಗ ನಿಲ್ಲಿಸಿ, ಹುಡುಕಿದ ಬಗೆಯನ್ನು ರಿವ್ಯೂನಲ್ಲಿ ತಪ್ಪದೆ ಬರೆದಿಡಿ.