ಮಗಳು ಬರೆಸಿದ ಅರ್ಜಿ

ನಾರಾಯಣಪುರದ ನಮ್ಮ ಮದ್ರಸದಲ್ಲಿ ಸೂರಃ ‘ಅಬಸ’ವನ್ನು ನಾನು ಎಷ್ಟು ಬಾರಿ ಕಲಿಸಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಪ್ರವಾದಿವರ್ಯರು(ಸ) ಮಕ್ಕಾದ ಮುಖಂಡರೊಡನೆ ಮಾತನಾಡುತ್ತಿದ್ದಾಗ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಎಂಬ ಅಂಧ ಸಹಾಬಿ ಬಂದು ತನಗೆ ಕಲಿಸಬೇಕೆಂದು ಕೇಳಿದ್ದು, ಆ ಕ್ಷಣದ ಒಂದು ಮುಖಭಾವಕ್ಕಾಗಿ ಅಲ್ಲಾಹನು ತನ್ನ ಪ್ರೀತಿಯ ಪ್ರವಾದಿಯನ್ನೇ ಎಚ್ಚರಿಸಿದ್ದು, ಮುಂದೆ ಅದೇ ಸಹಾಬಿ ಮದೀನಾದಲ್ಲಿ ಬಿಲಾಲ್‌(ರ)ರೊಂದಿಗೆ ಅದಾನ್ ಕೊಡುವವರಾದದ್ದು, ಪ್ರವಾದಿವರ್ಯರು ಊರಲ್ಲಿಲ್ಲದ ಸಂದರ್ಭಗಳಲ್ಲಿ ಮದೀನಾದ ಹೊಣೆಯನ್ನೇ ಹೊತ್ತದ್ದು — ಇಷ್ಟನ್ನೂ ಮಕ್ಕಳಿಗೆ ವಿವರಿಸಿ ಪಾಠ ಮುಗಿಸುತ್ತಿದ್ದೆ. ಆ ಸೂರಃ ನನ್ನ ಸ್ವಂತ ಮನೆಯ ಹೊಸ್ತಿಲು ದಾಟಿ ಒಳಗೆ ಬರಲು ಇಷ್ಟು ವರ್ಷ ಬೇಕಾಯಿತು.

ನನ್ನ ಹಿರಿಯ ಮಗಳಿಗೆ ಹುಟ್ಟಿನಿಂದಲೇ ದೃಷ್ಟಿ ಮಂದ. ದಪ್ಪಕ್ಷರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರೆ ಓದಬಲ್ಲಳು, ಕರಿಹಲಗೆ ಕಾಣದು. ನಮ್ಮ ಕಡೆ ಕಣ್ಣಿಲ್ಲದ ಮಗುವಿನ ಬಗ್ಗೆ ಮಾತು ಬಂದರೆ ಜನ ಎರಡೇ ದಾರಿ ಹೇಳುತ್ತಾರೆ. ಹಿಂದೂ ಸೋದರರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರೆತ್ತುತ್ತಾರೆ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಅಂಧರೇ ಆಗಿದ್ದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮ ಎಷ್ಟೋ ಬಡಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟಿದೆ. ನಮ್ಮವರಾದರೆ ‘ಹಿಫ್ಝ್‌ಗೆ ಸೇರಿಸಿ, ಹಾಫಿಝ್ ಆಗಲಿ’ ಎನ್ನುತ್ತಾರೆ. ಎರಡೂ ಗೌರವದ ದಾರಿಗಳೇ. ಆದರೆ ಹಾಗೆ ಹೇಳುವವರ ಮನಸ್ಸಿನಲ್ಲಿ ಇರುವುದು ಗಂಡುಮಗು. ಹೆಣ್ಣುಮಗಳೊಬ್ಬಳು ಇತಿಹಾಸ ಓದುತ್ತೇನೆ, ಉಪನ್ಯಾಸಕಿಯಾಗುತ್ತೇನೆ ಎಂದಾಗ ಹೇಳಲು ಯಾರ ಬಳಿಯೂ ಮಾತಿರಲಿಲ್ಲ, ನನ್ನ ಬಳಿಯೂ. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಈಜಿಪ್ಟಿನ ತಾಹಾ ಹುಸೈನ್ ಅಲ್ ಅಝ್‌ಹರ್‌ನಲ್ಲಿ ಓದಿ, 1914ರಲ್ಲಿ ಕೈರೋದ ಹೊಸ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, 1950ರಲ್ಲಿ ಆ ದೇಶದ ಶಿಕ್ಷಣ ಸಚಿವರಾದ ಸಂಗತಿಯನ್ನು ನಾನೇ ಮದ್ರಸದ ಹುಡುಗರಿಗೆ ಹೇಳುತ್ತಿದ್ದೆ. (ಅವರ ಎಲ್ಲ ಅಭಿಪ್ರಾಯಗಳನ್ನು ನಾನು ಒಪ್ಪುವುದಿಲ್ಲ, ಅದು ಬೇರೆ ಮಾತು.) ಬಾಗಿಲ ಆಚೆ ಕುಳಿತು ಮಗಳು ಅದನ್ನು ಕೇಳಿಸಿಕೊಂಡಿದ್ದಳೆಂದು ಬಹಳ ತಡವಾಗಿ ತಿಳಿಯಿತು.

ಪದವಿ ಕಾಲೇಜಿಗೆ ಸೇರಿಸಿದೆವು. ನಮ್ಮ ಜಿಲ್ಲೆಯ ಕಾಲೇಜುಗಳು ಮೊದಲು ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಒಳಪಟ್ಟಿದ್ದವು. 2021ರಲ್ಲಿ ರಾಯಚೂರು ವಿಶ್ವವಿದ್ಯಾಲಯ ಬೇರೆಯಾದ ಮೇಲೆ ಅದರ ಕೆಳಗೆ ಬಂದವು. ಪ್ರವೇಶದ ಸಮಯದಲ್ಲಿ ನಾವು ತಂದೆಯಂದಿರೆಲ್ಲ ಬಹಳ ಚುರುಕು. ಜಾತಿ-ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಯಾವ ಕಾಗದ ಯಾವ ಕಚೇರಿಯ ಯಾವ ಕಿಟಕಿಯಲ್ಲಿ ಸಿಗುತ್ತದೆಂಬುದು ನಮಗೆ ಕಂಠಪಾಠ. ಒಳಗೆ ಹೋದ ಮಗುವಿಗೆ ಅಲ್ಲಿ ಯಾವ ಹಕ್ಕಿದೆ, ತೊಂದರೆಯಾದರೆ ಯಾರ ಬಾಗಿಲು ತಟ್ಟಬೇಕು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ಮೊದಲ ಪರೀಕ್ಷೆಗೆ ಎರಡು ದಿನವಿರುವಾಗ, ಉತ್ತರ ಬರೆದುಕೊಡಲು ಒಬ್ಬ ಲಿಪಿಕಾರರನ್ನು ಕೊಡಬೇಕೆಂದು ಮಗಳು ಕೇಳಿದಳು. ‘ಅದು ಪೂರ್ತಿ ಕುರುಡರಿಗೆ, ನೀನು ನಡೆದುಕೊಂಡೇ ಬಂದೆಯಲ್ಲ’ ಎಂಬ ಉತ್ತರ ಬಂತು. ಯಾವ ಕಾಲೇಜು, ಯಾರು ಎಂಬುದು ಇಲ್ಲಿ ಬೇಡ. ಅವಳು ತಾನೇ ಬರೆದಳು. ಮೂರು ಗಂಟೆ ಮುಗಿದಾಗ ಅರ್ಧವೂ ಆಗಿರಲಿಲ್ಲ. ಫಲಿತಾಂಶ ಬಂದ ದಿನ ನಾನು ಅವಳಿಗೆ ಸಬ್ರ್‌ನ ಮಹತ್ವ ವಿವರಿಸಿದೆ. ಅವಳು ತಲೆಯಾಡಿಸಿ ಒಳಗೆ ಹೋದಳು.

ಇದಾದ ಕೆಲವೇ ವಾರಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಮಗಳಿಗೆ ದಿನವೂ ಪಾಠ ಓದಿ ಹೇಳುತ್ತಿದ್ದ ಗೆಳತಿಯೊಬ್ಬಳಿದ್ದಳು, ನಮ್ಮವಳೇ. ಅವಳ ಮೊಬೈಲಿಗೆ ಕಾಲೇಜಿನ ಸಿಬ್ಬಂದಿಯೊಬ್ಬ ರಾತ್ರಿ ಹೊತ್ತು ಸಂದೇಶ ಕಳಿಸತೊಡಗಿದ್ದ. ಬರೆಯಲು ಯೋಗ್ಯವಲ್ಲದ ಸಂದೇಶಗಳು. ತಂದೆಗೆ ತಿಳಿಯಿತು. ಅವರು ಸಲಹೆ ಕೇಳಲು ಬಂದದ್ದು ನನ್ನ ಬಳಿಗೆ, ಉಸ್ತಾದರಲ್ಲವೇ. ‘ಮಾನ ಮುಖ್ಯ. ಮಾತು ಊರಿಗೆ ಹರಡುವುದು ಬೇಡ. ಸದ್ಯ ಮನೆಯಲ್ಲೇ ಇರಲಿ’ ಎಂದೆ. ಅವರಿಗೂ ಅದೇ ಬೇಕಿತ್ತು. ಸಂದೇಶ ಕಳಿಸಿದವ ಮರುದಿನವೂ ಕೆಲಸಕ್ಕೆ ಬಂದ. ಬರುವುದನ್ನು ನಿಲ್ಲಿಸಿದ್ದು ಹುಡುಗಿ. ಈ ಸಂಗತಿಯನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಆ ರಾತ್ರಿ ಊಟದ ಹೊತ್ತಿಗೆ ಮಗಳು ನನ್ನನ್ನು ಒಂದು ಪ್ರಶ್ನೆ ಕೇಳಿದಳು. “ಅಬ್ಬಾ, ಖೌಲಾ ಬಿಂತ್ ಸಅಲಬಾ(ರ) ದೂರು ತಂದಾಗ ಪ್ರವಾದಿವರ್ಯರು ಮನೆಯಲ್ಲಿರು ಎಂದರೇ?” ಸೂರಃ ‘ಅಲ್ ಮುಜಾದಲ’ವನ್ನು ಅವಳಿಗೆ ಕಲಿಸಿದವನು ನಾನೇ. ಗಂಡನಿಂದಾದ ಅನ್ಯಾಯವನ್ನು ಹೇಳಿಕೊಳ್ಳಲು ಬಂದ ಒಬ್ಬ ಮಹಿಳೆ ವಾದ ಮಾಡಿದಳು. ಅದೇ ಕೋಣೆಯಲ್ಲಿದ್ದ ಆಯಿಶಾ(ರ)ರಿಗೂ ಪೂರ್ತಿ ಕೇಳಿಸದಷ್ಟು ಮೆಲ್ಲಗಿದ್ದ ಆ ಮಾತನ್ನು ಅಲ್ಲಾಹನು ಕೇಳಿದನು, ಮತ್ತು ಉತ್ತರವಾಗಿ ವಚನಗಳು ಅವತೀರ್ಣವಾದವು. ಅಧ್ಯಾಯದ ಹೆಸರೇ ‘ವಾದಿಸಿದವಳು’. ನಾನು ಕೈ ತೊಳೆದು ಎದ್ದೆ. ಉತ್ತರ ಕೊಡಲಿಲ್ಲ.

ನಮ್ಮಲ್ಲಿ ಹಲವರು ‘ನಾಲ್ವರು ಸಾಕ್ಷಿಗಳಿಲ್ಲದೆ ಹೆಣ್ಣುಮಗಳು ಬಾಯಿ ಬಿಡಬಾರದು’ ಎನ್ನುವುದನ್ನು ಕೇಳಿದ್ದೇನೆ. ಇದು ತಪ್ಪು ತಿಳಿವಳಿಕೆ. ಸೂರಃ ‘ಅನ್ನೂರ್’ನ ಆ ನಿಯಮ ಶೀಲವಂತ ಸ್ತ್ರೀಯರ ಮೇಲೆ ಅಪವಾದ ಹೊರಿಸುವವರ ನಾಲಿಗೆಗೆ ಹಾಕಿದ ಕಡಿವಾಣ. ಸ್ತ್ರೀಯ ಮಾನ ಕಾಯಲು ಬಂದ ವಚನವನ್ನು ಅವಳ ಬಾಯಿಗೇ ಬೀಗವಾಗಿಸಿದವರು ನಾವು. ಕೆಟ್ಟ ಮಾತನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲವೆಂದು ಹೇಳುವ ಸೂರಃ ‘ಅನ್ನಿಸಾ’ದ 148ನೇ ವಚನವೇ ಅನ್ಯಾಯಕ್ಕೊಳಗಾದವರನ್ನು ಅದರಿಂದ ಹೊರಗಿಟ್ಟಿದೆ. ಹದಿನೈದು ವರ್ಷ ತಫ್ಸೀರ್ ಹೇಳಿದ ನಾನು, ಆ ತಂದೆ ಎದುರಿಗೆ ಕುಳಿತಿದ್ದಾಗ ಇದನ್ನು ಮರೆತಿದ್ದೆ.

ಆಮೇಲೆ ನಾನು ಮಾಡಿದ ಕೆಲಸ ಓದುವುದು. 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ಪ್ರಕರಣದಲ್ಲಿ ಕೊಟ್ಟ ಮಾರ್ಗಸೂಚಿಯಿಂದ 2013ರ ಕಾಯ್ದೆ ಬಂತು. ಅದನ್ನು ಅನುಸರಿಸಿ ಕಾಲೇಜು-ವಿಶ್ವವಿದ್ಯಾಲಯಗಳಿಗಾಗಿ ಯುಜಿಸಿಯ 2015ರ ನಿಯಮಾವಳಿ ಬಂತು. ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷತೆ ಮಹಿಳೆಯದು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರೊಬ್ಬರು. ವಿದ್ಯಾರ್ಥಿಗಳ ವಿಷಯವಾದರೆ ವಿದ್ಯಾರ್ಥಿ ಪ್ರತಿನಿಧಿಗಳೂ ಕೂಡಬೇಕು. ಕುಲಪತಿ, ಕುಲಸಚಿವ, ವಿಭಾಗ ಮುಖ್ಯಸ್ಥರಂತಹ ಅಧಿಕಾರಸ್ಥರು ಅದರಲ್ಲಿ ಇರುವಂತಿಲ್ಲ. ಬರೆದು ಕೊಡಲಾಗದವರಿಗೆ ಬರೆಯಲು ಸಮಿತಿಯೇ ನೆರವಾಗಬೇಕು. ದೂರಿತ್ತವಳ ಹೆಸರು, ವಿಳಾಸ ಹೊರಗೆ ಹೋಗಬಾರದು. ದೂರನ್ನು ಸಾಬೀತುಪಡಿಸಲಾಗದಿದ್ದ ಮಾತ್ರಕ್ಕೆ ಅದು ಸುಳ್ಳು ದೂರಾಗುವುದಿಲ್ಲ. ನಮ್ಮ ಭಯಗಳು ಯಾವುವೋ ಅವಕ್ಕೆಲ್ಲ ಅಲ್ಲಿ ಒಂದೊಂದು ಕಲಮಿತ್ತು. ಆದರೆ ಒಂದು ಗಡುವೂ ಇತ್ತು: ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ಕಾರಣ ಬರೆದಿಟ್ಟು ಸಮಿತಿ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ನಾನು ಲೆಕ್ಕ ಹಾಕಿದೆ. ನಾಲ್ಕು ತಿಂಗಳಾಗಿದ್ದವು.

ಆ ತಂದೆಯ ಮನೆಗೆ ಹೋಗಿ, ‘ಅಂದು ನಾನು ಹೇಳಿದ್ದು ತಪ್ಪು’ ಎಂದೆ. ಅವರು ಚಹಾ ತರಿಸಿದರು, ಬಹಳ ಗೌರವದಿಂದ ಮಾತನಾಡಿದರು, ನಿಕಾಹ್ ನಿಶ್ಚಯವಾಗಿದೆ ಎಂದರು. ನೀವೇ ಹೇಳಿದಿರಲ್ಲ ಉಸ್ತಾದ್, ಎಂದರು. ಒಳಕೋಣೆಯಿಂದ ಯಾವ ಸದ್ದೂ ಬರಲಿಲ್ಲ.

ದಾರಿಯಲ್ಲಿ ಸಿಕ್ಕ ಸ್ನೇಹಿತರೊಬ್ಬರು ನಕ್ಕರು. “2022ರಲ್ಲಿ ಹಿಜಾಬಿನ ಹೆಸರಲ್ಲಿ ಮಕ್ಕಳನ್ನು ಗೇಟಿನಲ್ಲೇ ನಿಲ್ಲಿಸಿದಾಗ ಯಾವ ನಿಯಮ ಕಾಪಾಡಿತು?” ಅವರ ನೋವು ನನ್ನದೂ ಹೌದು. ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು, ಆ ದಿನಾಂಕಗಳು ಯಾವ ಮುಸ್ಲಿಮ್ ಮನೆಯಲ್ಲೂ ಮರೆತಿಲ್ಲ. ಧರ್ಮ, ಜಾತಿ, ಭಾಷೆ, ಲಿಂಗ, ಅಂಗವೈಕಲ್ಯಗಳ ಕಾರಣದಿಂದ ವಿದ್ಯಾರ್ಥಿಯನ್ನು ಬೇರೆಯಾಗಿ ಕಾಣಬಾರದು, ಪ್ರತಿ ಸಂಸ್ಥೆಯೂ ಸಮಾನ ಅವಕಾಶ ಕೋಶ ತೆರೆದು ತಾರತಮ್ಯ ವಿರೋಧಿ ಅಧಿಕಾರಿಯನ್ನು ನೇಮಿಸಬೇಕು ಎಂಬ ಯುಜಿಸಿ ನಿಯಮ 2012ರಲ್ಲೇ ಬಂದಿತ್ತು. ಎಷ್ಟು ಕಾಲೇಜುಗಳಲ್ಲಿ ಆ ಫಲಕ ಕಂಡಿದ್ದೀರಿ? ಆದರೂ ಸ್ನೇಹಿತರಿಗೆ ನಾನು ಹೇಳಿದ್ದು ಇಷ್ಟೇ: ಒಂದು ಬಾಗಿಲು ಮುಚ್ಚಿದರೆಂದು ತೆರೆದಿರಬಹುದಾದ ಬಾಗಿಲನ್ನು ತಟ್ಟದೆ ಹಿಂದಿರುಗುವವರು ನಾವೇಕೆ ಆಗಬೇಕು? ಅವರು ಒಪ್ಪಲಿಲ್ಲ.

ಮಗಳ ವಿಷಯದಲ್ಲಿ ಗಡುವು ಮೀರಿರಲಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 17ನೇ ಕಲಮು ಲಿಪಿಕಾರರನ್ನೂ ಹೆಚ್ಚುವರಿ ಸಮಯವನ್ನೂ ಹೇಳುತ್ತದೆ. ಕೇಂದ್ರ ಸರಕಾರದ 2018ರ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕಿತ್ತು. ‘ಪೂರ್ತಿ ಕುರುಡರಿಗೆ ಮಾತ್ರ’ ಎಂಬ ಮಾತಿಗಂತೂ ಆಧಾರವೇ ಇರಲಿಲ್ಲ. ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಶೇ. 40ರ ಮಿತಿ ಮುಟ್ಟದವರಿಗೂ ಬರೆಯಲು ತೊಂದರೆಯಿದ್ದರೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದಿತು. ಮಗಳ ಯುಡಿಐಡಿ ಕಾರ್ಡಿನಲ್ಲಿ ಆ ಮಿತಿಗಿಂತ ಹೆಚ್ಚೇ ಇದೆ. ಆ ಕಾರ್ಡನ್ನು ನಾವು ಅಲ್ಲಿಯವರೆಗೆ ಬಳಸಿದ್ದು ಬಸ್ ಪಾಸಿಗೆ ಮಾತ್ರ.

ಅರ್ಜಿ ಬರೆಯಲು ಕುಳಿತೆವು. ಅವಳು ಹೇಳಿದಳು, ನಾನು ಬರೆದೆ. ಕನ್ನಡ ಬಿ.ಎ. ಮಾಡಿದವನೆಂಬ ಹಮ್ಮಿನಿಂದ ‘ತಾವು ಕೃಪೆದೋರಿ’ ಎಂದು ಆರಂಭಿಸಿದ್ದೆ. “ಏನು ಬರೆದಿರಿ, ಓದಿ” ಎಂದಳು. ಓದಿದೆ. “ಕೃಪೆ ತೆಗೆಯಿರಿ. ಕಲಮಿನ ಸಂಖ್ಯೆ ಬರೆಯಿರಿ” ಎಂದಳು. ಹೊಸ ಹಾಳೆ ತೆಗೆದುಕೊಂಡೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬಂದಳು. ವಾರದೊಳಗೆ ಪ್ರಾಂಶುಪಾಲರು ಕರೆದು ಸೌಜನ್ಯದಿಂದಲೇ ಮಾತನಾಡಿದರು; ನಿಯಮ ತಮ್ಮ ಗಮನಕ್ಕೆ ಬಂದಿರಲಿಲ್ಲ ಎಂದರು. ಇರಬಹುದು. ನನ್ನ ಗಮನಕ್ಕೂ ಬಂದಿರಲಿಲ್ಲ.

ಮುಂದಿನ ಪರೀಕ್ಷೆಯ ದಿನ ಆವರಣದ ಬೇವಿನ ಮರದ ಕೆಳಗೆ ಕುಳಿತಿದ್ದೆ. ಐದಕ್ಕೆ ಗಂಟೆ ಬಾರಿಸಿತು. ಮಕ್ಕಳೆಲ್ಲ ಹೊರಬಂದು ಬಸ್ಸಿಗೆ ಓಡಿದರು. ಒಂದು ಕೋಣೆಯ ದೀಪ ಮಾತ್ರ ಉರಿಯುತ್ತಿತ್ತು. ಆರಕ್ಕೆ ಸ್ವಲ್ಪ ಮೊದಲು ಮಗಳು, ಬರೆದುಕೊಟ್ಟ ಕಿರಿಯ ತರಗತಿಯ ಹುಡುಗಿ, ಮೇಲ್ವಿಚಾರಕಿ ಮೂವರೂ ಹೊರಬಂದರು. ಹುಡುಗಿ ಬೆರಳು ಮಡಚಿ ಬಿಡಿಸುತ್ತ ‘ಅಕ್ಕ ತುಂಬಾ ಹೇಳ್ತಾರೆ ಸರ್’ ಎಂದಳು. ನಾವು ಬಸ್ ನಿಲ್ದಾಣದವರೆಗೆ ನಡೆದೆವು. ಮುಂದಿನ ಪತ್ರಿಕೆಯ ಟಿಪ್ಪಣಿಗಳನ್ನು ಯಾರು ಓದಿ ಹೇಳುತ್ತಾರೆ ಎಂದು ಕೇಳಿದೆ. “ಮೊದಲು ಅವಳೇ ಓದುತ್ತಿದ್ದಳು” ಎಂದಳು ಮಗಳು.